ದ್ರಾಕ್ಷಿ ಬಳ್ಳಿ ಸೊರಗಿದೆಯಾ? ಔಷಧಿ ತರುವ ಮುಂಚೆ ಬೇರು ತೊಳೆದು ನೋಡಿ

ದ್ರಾಕ್ಷಿ ತೋಟದಲ್ಲಿ ನೆಮಟೋಡ್ ಹೊಕ್ಕಾಗ ಬಳ್ಳಿ ಒಮ್ಮೆಲೇ ಸಾಯುವುದಿಲ್ಲ. ಮೊದಲು ಚಿಗುರು ಗಿಡ್ಡವಾಗುತ್ತದೆ. ಆಮೇಲೆ ಎಲೆ ಸಣ್ಣದಾಗುತ್ತದೆ. ಎರಡು ಮೂರು ಬೆಳೆ ಕಳೆಯುವಷ್ಟರಲ್ಲಿ ಗೊನೆ ಕಮ್ಮಿಯಾಗುತ್ತದೆ. ತೊಂದರೆ ಏನೆಂದರೆ, ನೀರು ಸಾಲದೆ ಇದ್ದರೂ ಹೀಗೇ ಕಾಣುತ್ತದೆ, ಗೊಬ್ಬರ ಸಾಲದೆ ಇದ್ದರೂ ಹೀಗೇ ಕಾಣುತ್ತದೆ, ಉಪ್ಪು ನೀರು ಕುಡಿದ ಬಳ್ಳಿಯೂ ಹೀಗೇ ಇರುತ್ತದೆ. ಅದಕ್ಕೇ ಜನ ಎರಡು ಥರ ದುಡ್ಡು ಕಳೆದುಕೊಳ್ಳುತ್ತಾರೆ. ನೆಮಟೋಡ್ ಇರುವವರು ವರ್ಷಗಟ್ಟಲೆ ಗೊಬ್ಬರ ಸುರಿಯುತ್ತಾರೆ. ನೆಮಟೋಡ್ ಇಲ್ಲದವರು ಅಂಗಡಿಯವರ ಮಾತು ಕೇಳಿ ವಿಷದ ಹರಳು ಹಾಕುತ್ತಾರೆ.

ಈ ಬರಹ ನೀವು ತೋಟದಲ್ಲಿ ನಿಜಕ್ಕೂ ನೋಡುವ ಲಕ್ಷಣಗಳಿಂದ ಶುರುವಾಗುತ್ತದೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಲ್ಯಾಬ್ ಆಮೇಲೆ, ಔಷಧಿ ಎಲ್ಲಕ್ಕಿಂತ ಕೊನೆಗೆ.

ನೆಮಟೋಡ್ ಅಂದರೆ ಮಣ್ಣಿನಲ್ಲಿರುವ ದಾರದಂಥ ಜಂತುಹುಳು. ಬೇರಿಗೆ ನುಗ್ಗುವ ಮರಿ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕದು, ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ಕಡೆ ದ್ರಾಕ್ಷಿಗೆ ಜಾಸ್ತಿ ಕಾಟ ಕೊಡುವುದು ಬೇರುಗಂಟು ನೆಮಟೋಡ್, ಅಂದರೆ ಮೆಲಾಯ್ಡೋಗೈನ್. ಅದರ ಜೊತೆಗೆ ರೆನಿಫಾರ್ಮ್ ಅನ್ನುವ ಇನ್ನೊಂದು ಜಾತಿಯೂ ಇದೆ, ಅದು ಗಂಟು ಮಾಡುವುದಿಲ್ಲ. ಮಣ್ಣು ಬೆಚ್ಚಗಿದ್ದರೆ ಬೇರುಗಂಟು ಹುಳುವಿನ ಒಂದು ತಲೆಮಾರು ಸುಮಾರು 25ರಿಂದ 30 ದಿನದಲ್ಲಿ ಮುಗಿಯುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಚಿಕ್ಕಬಳ್ಳಾಪುರದಲ್ಲಾಗಲಿ ವಿಜಯಪುರದಲ್ಲಾಗಲಿ ಇದಕ್ಕೆ ಬಿಡುವು ಕೊಡುವಂಥ ಚಳಿ ನಮ್ಮಲ್ಲಿಲ್ಲ, ಅಲ್ವಾ?

ಲಕ್ಷಣ: ತೋಟದ ಒಂದು ಕಡೆ ಮಾತ್ರ ಬಳ್ಳಿ ಸೊರಗಿದೆ

ಮೊದಲ ಕೆಲಸ ನಡೆಯುವುದು. ಒಂದು ಹಾಳೆಯಲ್ಲಿ ತೋಟದ ಸಾಲುಗಳನ್ನು ಗೀಚಿಕೊಂಡು, ಸೊರಗಿದ ಬಳ್ಳಿ ಇರುವ ಕಡೆ ಗುರುತು ಹಾಕುತ್ತಾ ಹೋಗಿ. ಗುರುತುಗಳು ಸೇರಿ ಯಾವ ಆಕಾರ ಆಗುತ್ತದೆ ಅನ್ನುವುದೇ ಅರ್ಧ ಉತ್ತರ.

ಒಂದಿಡೀ ಸಾಲು ಉದ್ದಕ್ಕೂ ಸೊರಗಿದ್ದರೆ, ಅಥವಾ ಸಾಲಿನ ಕೊನೆಯ ಗಿಡಗಳು ಮಾತ್ರ ಬಾಡಿದ್ದರೆ, ಡ್ರಿಪ್ ಲೈನ್ ಮೇಲೆ ಅನುಮಾನ ಪಡಿ. ತೋಟದ ತಗ್ಗಿನ ಕಡೆ ಮಾತ್ರ ಆಗಿದ್ದರೆ ನೀರು ನಿಲ್ಲುವುದು ಅಥವಾ ಉಪ್ಪು ಸೇರುವುದು ಕಾರಣ ಇರಬಹುದು. ಇಡೀ ತೋಟ ಒಂದೇ ಸಲ, ಒಂದೇ ಸಮನಾಗಿ ಹಳದಿಯಾದರೆ ಅದು ಸಾಮಾನ್ಯವಾಗಿ ನೆಮಟೋಡ್ ಅಲ್ಲ. ಅಲ್ಲೊಂದು ಇಲ್ಲೊಂದು ಬಳ್ಳಿ ಒಣಗಿದ್ದರೆ ಕಾಂಡ ನೋಡಿ. ಬುಡದಲ್ಲಿ ಮರದ ಪುಡಿಯಂಥ ಹಿಕ್ಕೆ ಬಿದ್ದಿದ್ದರೆ ಅದು ಕಾಂಡಕೊರಕದ ಕೆಲಸ.

ನೆಮಟೋಡ್ ಇದ್ದರೆ ತೇಪೆ ತೇಪೆಯಾಗಿ ಕಾಣುತ್ತದೆ. ನಡುವೆ ತೀರಾ ಸೊರಗಿದ ಬಳ್ಳಿಗಳು, ಅಂಚಿಗೆ ಹೋದಂತೆ ಸ್ವಲ್ಪ ಉತ್ತಮ, ಆಚೆಗೆ ಚೆನ್ನಾಗಿರುವವು. ಹುಳು ತಾನಾಗಿ ವರ್ಷಕ್ಕೆ ಒಂದು ಮೀಟರ್ ಕೂಡ ಹೋಗುವುದಿಲ್ಲ ಅನ್ನಬಹುದು. ಆದರೆ ಟ್ರ್ಯಾಕ್ಟರ್ ಕುಂಟೆ, ಗುದ್ದಲಿ, ಹರಿಯುವ ನೀರು ಅದನ್ನು ಹೊತ್ತು ಹೋಗುತ್ತವೆ. ಹಾಗಾಗಿ ತೇಪೆ ಉಳುಮೆಯ ದಿಕ್ಕಿಗೆ ಅಥವಾ ನೀರಿನ ಇಳಿಜಾರಿಗೆ ಉದ್ದವಾಗಿ ಹಬ್ಬುತ್ತದೆ. ಹೋದ ವರ್ಷಕ್ಕಿಂತ ಈ ವರ್ಷ ಎರಡು ಗಿಡ ಜಾಸ್ತಿ ಸೇರಿಕೊಂಡಿವೆಯಾ? ಅದೂ ಒಂದು ಸುಳಿವು. ಪ್ರತಿ ಪ್ರೂನಿಂಗ್ ಹೊತ್ತಿಗೆ ಫೋನಲ್ಲಿ ಅದೇ ಜಾಗದ ಫೋಟೊ ತೆಗೆದಿಟ್ಟರೆ ಇದು ಸುಲಭ.

ಜಮೀನಿನ ಹಳೇ ಕಥೆಯನ್ನೂ ಕೇಳಿಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ದ್ರಾಕ್ಷಿ ತೋಟ ಎದ್ದಿರುವುದು ಟೊಮೆಟೊ, ಬದನೆ, ಬೀನ್ಸ್ ಬೆಳೆದ ನೆಲದಲ್ಲಿ. ವಿಜಯಪುರ, ಬಾಗಲಕೋಟೆ ಕಡೆ ದಾಳಿಂಬೆ ಕಿತ್ತು ದ್ರಾಕ್ಷಿ ಹಾಕಿದವರಿದ್ದಾರೆ. ಇವೆಲ್ಲ ಬೇರುಗಂಟು ಹುಳುವಿಗೆ ತುಂಬಾ ಇಷ್ಟದ ಬೆಳೆಗಳು. ತರಕಾರಿ ಹೊಲದಿಂದ ಮಣ್ಣು ಹೊಡೆಸಿದ್ದರೆ ಅದರ ಜೊತೆಗೂ ಬಂದಿರಬಹುದು. ಮಣ್ಣಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಬೇರುಗಂಟು ಹುಳುವಿನ ಹಾವಳಿ ಜಾಸ್ತಿ, ಭಾರದ ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಕಮ್ಮಿ.

ಲಕ್ಷಣ: ನೀರಿದ್ದರೂ ಮಧ್ಯಾಹ್ನ ಎಲೆ ಜೋತು ಬೀಳುತ್ತದೆ

ಇಲ್ಲಿ "ನೀರಿದೆ" ಅನ್ನುವುದನ್ನೇ ಮೊದಲು ಪರೀಕ್ಷೆ ಮಾಡಿ. ಮೋಟರ್ ಓಡುತ್ತಿದೆ ಅಂದ ಮಾತ್ರಕ್ಕೆ ಬೇರಿಗೆ ನೀರು ಸಿಕ್ಕಿತು ಅಂತಲ್ಲ. ಸೊರಗಿದ ಗಿಡದ ಡ್ರಿಪ್ಪರ್ ಕೆಳಗೆ ಒಂದು ಡಬ್ಬಿ ಇಟ್ಟು 15 ನಿಮಿಷ ಬಿಡಿ. ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ ಆದರೆ ಒಂದು ಲೀಟರ್ ತುಂಬಬೇಕು. ಚೆನ್ನಾಗಿರುವ ಗಿಡದ ಕೆಳಗೂ ಹೀಗೇ ಇಟ್ಟು ಹೋಲಿಸಿ. ಕಮ್ಮಿ ಬಂದರೆ ಫಿಲ್ಟರ್ ತೊಳೆಯಿರಿ, ಲೈನ್ ತುದಿ ಬಿಚ್ಚಿ ನೀರು ಹರಿಸಿ, ಸುಣ್ಣ ಕಟ್ಟಿದ ಡ್ರಿಪ್ಪರ್ ಬದಲಾಯಿಸಿ. ಎಷ್ಟೋ "ನೆಮಟೋಡ್" ಇಲ್ಲಿಗೇ ಮುಗಿದುಹೋಗುತ್ತದೆ.

ನೀರು ಸರಿ ಬರುತ್ತಿದೆ ಅಂದುಕೊಳ್ಳಿ. ಡ್ರಿಪ್ಪರ್ ಪಕ್ಕ ಒಂದಡಿ ಅಗೆದು ಮಣ್ಣು ಹಿಡಿದು ನೋಡಿ. ಮಣ್ಣು ತೇವವಾಗಿದ್ದೂ ಬಳ್ಳಿ ಬಾಡುತ್ತಿದ್ದರೆ, ಸಂಜೆಗೆ ಮತ್ತೆ ಚೇತರಿಸಿಕೊಳ್ಳುತ್ತಿದ್ದರೆ, ಬೇರು ನೀರೆಳೆಯುತ್ತಿಲ್ಲ ಅಂತ ಅರ್ಥ. ಬೇರುಗಂಟು ಹುಳು ಬೇರಿನೊಳಗೆ ಕೂತು ತನ್ನ ಸುತ್ತಲಿನ ಕೋಶಗಳನ್ನು ಊದಿಸಿ, ಅದರಿಂದಲೇ ಊಟ ಮಾಡುತ್ತದೆ. ನೀರು ಹರಿಯುವ ನಾಳಗಳು ಅಲ್ಲಿ ತಿರುಚಿಕೊಳ್ಳುತ್ತವೆ. ಹಾಗಂತ ಇದೊಂದೇ ಕಾರಣವಲ್ಲ. ಬೇರು ಕೊಳೆತಿದ್ದರೂ, ಗೊಣ್ಣೆಹುಳು ಬೇರು ಕಡಿದಿದ್ದರೂ ಇದೇ ಆಗುತ್ತದೆ. ಮಣ್ಣು ಹುಳಿ ವಾಸನೆ ಬಂದು ಬೇರು ಕಪ್ಪಾಗಿದ್ದರೆ ನೀರು ಜಾಸ್ತಿಯಾಗಿದೆ, ಮೊದಲು ಅದನ್ನು ಕಡಿಮೆ ಮಾಡಿ. ಬೆಳ್ಳಗೆ ದಪ್ಪಗೆ ಸುರುಳಿ ಸುತ್ತಿಕೊಂಡ ಹುಳು ಕೈಗೆ ಸಿಕ್ಕಿದರೆ ಗೊಣ್ಣೆಹುಳು. ಅದರ ದಾರಿಯೇ ಬೇರೆ.

ಲಕ್ಷಣ: ಎಲೆ ಹಳದಿ, ಗೊಬ್ಬರ ಕೊಟ್ಟರೂ ಏಳುತ್ತಿಲ್ಲ

ಯಾವ ಎಲೆ ಹಳದಿ ಅಂತ ನೋಡಿ. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಇರುವ ಎರೆಮಣ್ಣಿನಲ್ಲಿ ಇದು ಮಾಮೂಲಿ. ಕೆಳಗಿನ ಹಳೆ ಎಲೆಯಲ್ಲಿ ನರದ ನಡುವೆ ಹಳದಿಯಾದರೆ ಮೆಗ್ನೀಸಿಯಂ. ಎಲೆಯ ಅಂಚು ಸುಟ್ಟಂತೆ ಕಂದಾಗಿದ್ದರೆ ಪೊಟ್ಯಾಶ್ ಕೊರತೆ ಇರಬಹುದು ಅಥವಾ ಉಪ್ಪು. ಬೋರ್‌ವೆಲ್ ನೀರು ಮತ್ತು ಮಣ್ಣಿನ ಇಸಿ (ಉಪ್ಪಿನ ಅಂಶ ತೋರಿಸುವ ಅಳತೆ) ಪರೀಕ್ಷೆ ಮಾಡಿಸಿ, ಹೆಚ್ಚು ಖರ್ಚಿಲ್ಲ. ಮಣ್ಣನ್ನು ನೀರಲ್ಲಿ ಪೂರ್ತಿ ನೆನೆಸಿ ತೆಗೆದ ಸಾರದ ಇಸಿ 1.5 (dS/m) ದಾಟಿದ ಮೇಲೆ ದ್ರಾಕ್ಷಿ ಇಳುವರಿ ಇಳಿಯಲು ಶುರುವಾಗುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಆದರೆ ಲ್ಯಾಬ್‌ಗಳು ಬೇರೆ ವಿಧಾನದಲ್ಲೂ ಅಳೆಯುತ್ತವೆ. ಸುಮ್ನೆ ಅಂಕಿ ನೋಡಿ ಹೆದರಬೇಡಿ, ಅವರನ್ನೇ ಕೇಳಿ.

ಮೇಲಿನ ಯಾವ ಮಾದರಿಗೂ ಹೊಂದದೆ, ಬಳ್ಳಿ ಇಡೀ ಮಂಕಾಗಿ, ಎಲೆ ಚಿಕ್ಕದಾಗಿ, ಎಲ್ಲಾ ಕೊರತೆಗಳೂ ಸ್ವಲ್ಪ ಸ್ವಲ್ಪ ಇದ್ದಂತೆ ಕಂಡರೆ ಬೇರಿನ ಕಡೆ ತಿರುಗಿ. ಎಲೆಗೆ ಸಿಂಪಡಿಸಿದ ಪೋಷಕಾಂಶಕ್ಕೆ ಹಸಿರಾಗಿ, ಮಣ್ಣಿಗೆ ಕೊಟ್ಟದ್ದಕ್ಕೆ ಏನೂ ಆಗದಿದ್ದರೆ ಅನುಮಾನ ಇನ್ನೂ ಗಟ್ಟಿ.

ಲಕ್ಷಣ: ಪ್ರೂನಿಂಗ್ ಆದ ಮೇಲೆ ಚಿಗುರು ಏರುಪೇರು, ಗೊನೆ ಕಮ್ಮಿ

ಅಕ್ಟೋಬರ್ ಚಾಟ್ನಿ (ಪ್ರೂನಿಂಗ್) ಮಾಡಿ, ಕಣ್ಣು ಒಡೆಯಲೆಂದು ಬಟ್ಟೆಯಲ್ಲಿ ಹೈಡ್ರೋಜನ್ ಸಯನಮೈಡ್ ಸವರುವವರು ಮೊದಲು ಸವರಿದ ಕೆಲಸವನ್ನೇ ಅನುಮಾನಿಸಿ. ಬಟ್ಟೆ ತಾಗದ ಕಣ್ಣು ಒಡೆಯುವುದು ತಡವಾಗುತ್ತದೆ. ಬೇರೆ ಬೇರೆ ಆಳುಗಳು ಸವರಿದ ಸಾಲುಗಳಲ್ಲಿ ವ್ಯತ್ಯಾಸ ಕಂಡರೆ ಉತ್ತರ ಅಲ್ಲೇ ಇದೆ. (ಒಂದು ಎಚ್ಚರಿಕೆ: ಸಯನಮೈಡ್ ಮುಟ್ಟಿದ ದಿನವೂ ಮರುದಿನವೂ ಮದ್ಯ ಕುಡಿದರೆ ಮೈ ಕೆಂಪಾಗಿ, ಎದೆ ಬಡಿತ ಏರಿ ಅಪಾಯವಾಗುತ್ತದೆ. ಕೂಲಿಗೆ ಬಂದವರಿಗೆ ಇದನ್ನು ಬಾಯಿಬಿಟ್ಟು ಹೇಳಿ.) ಹೋದ ಬೆಳೆಯಲ್ಲಿ ಬಳ್ಳಿಗೆ ತಾಳಲಾರದಷ್ಟು ಗೊನೆ ಬಿಟ್ಟಿದ್ದರೂ ಈ ಸಲ ಚಿಗುರು ಸೋಲುತ್ತದೆ.

ತೇಪೆ ಇರುವ ಜಾಗದಲ್ಲೇ ಪ್ರತಿ ವರ್ಷ ಚಿಗುರು ಸೋತು, ಕಡ್ಡಿ ಪೆನ್ಸಿಲ್ ದಪ್ಪಕ್ಕೂ ಬರದಿದ್ದರೆ ಗುದ್ದಲಿ ಹಿಡಿಯುವ ಹೊತ್ತು ಬಂತು.

ಬೇರು ನೋಡುವುದು ಹೇಗೆ

ಇಡೀ ಪತ್ತೆ ಕೆಲಸದಲ್ಲಿ ಇದೇ ಮುಖ್ಯ. ಬಹಳ ಜನ ಇದನ್ನು ಮಾಡುವುದಿಲ್ಲ, ಮಾಡಿದವರೂ ತಪ್ಪು ಬೇರು ನೋಡುತ್ತಾರೆ. ಹೆಬ್ಬೆರಳು ದಪ್ಪದ ಬೇರಿನಲ್ಲಿ ಏನೂ ಕಾಣುವುದಿಲ್ಲ. ನಮಗೆ ಬೇಕಾದದ್ದು ಬಿಳಿ ಬೇರು, ಅಂದರೆ ದಾರದಂಥ ಎಳೆ ಬೇರು.

ಹೊತ್ತು ನೋಡಿ ಅಗೆಯಿರಿ. ಪ್ರೂನಿಂಗ್ ಆಗಿ ಸುಮಾರು ಒಂದು ತಿಂಗಳಾದ ಮೇಲೆ, ಬಿಳಿ ಬೇರು ಓಡುವಾಗ, ಮಣ್ಣು ತೇವವಾಗಿರುವಾಗ ನೋಡಿದರೆ ಸ್ಪಷ್ಟ. ಕಡು ಬೇಸಿಗೆಯಲ್ಲಿ ಒಣ ಮಣ್ಣು ಕೆದಕಿದರೆ ಏನೂ ಸಿಗದೆ "ನಮ್ಮಲ್ಲಿ ಇಲ್ಲ" ಅಂದುಕೊಳ್ಳುತ್ತೀರಿ.

ಸತ್ತೇ ಹೋಗುತ್ತಿರುವ ಬಳ್ಳಿಯನ್ನು ಆರಿಸಬೇಡಿ. ಬೇರು ಸತ್ತ ಮೇಲೆ ಅಲ್ಲಿ ಹುಳುವಿಗೂ ಊಟವಿಲ್ಲ, ಅದು ಪಕ್ಕಕ್ಕೆ ಸರಿದಿರುತ್ತದೆ ಅಥವಾ ಸತ್ತಿರುತ್ತದೆ. ತೇಪೆಯ ಅಂಚಿನಲ್ಲಿ ಅರ್ಧಂಬರ್ಧ ಸೊರಗಿದ ಮೂರು ನಾಲ್ಕು ಬಳ್ಳಿ ಆರಿಸಿ. ಜೊತೆಗೆ ಚೆನ್ನಾಗಿರುವ ಎರಡು ಬಳ್ಳಿ. ಈ ಹೋಲಿಕೆ ಇಲ್ಲದೆ ಬೇರು ನೋಡಿ ಪ್ರಯೋಜನವಿಲ್ಲ.

ಕಾಂಡದಿಂದ ಒಂದರಿಂದ ಒಂದೂವರೆ ಅಡಿ ದೂರದಲ್ಲಿ, ಡ್ರಿಪ್ಪರ್ ತೇವ ಇರುವ ಕಡೆ, ಅರ್ಧ ಅಡಿಯಿಂದ ಒಂದೂವರೆ ಅಡಿ ಆಳದ ಮಣ್ಣು ತೆಗೆಯಿರಿ. ಬೇರನ್ನು ಎಳೆಯಬೇಡಿ, ಎಳೆದರೆ ಬಿಳಿ ಬೇರು ಕಿತ್ತು ಮಣ್ಣಲ್ಲೇ ಉಳಿಯುತ್ತದೆ. ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ಹತ್ತು ನಿಮಿಷ ನೆನೆಸಿ, ಮೆಲ್ಲಗೆ ಅಲ್ಲಾಡಿಸಿ ತೊಳೆಯಿರಿ. ಆಮೇಲೆ ಕಪ್ಪು ಪ್ಲಾಸ್ಟಿಕ್ ಟ್ರೇನಲ್ಲಿ ಸ್ವಲ್ಪ ನೀರು ಹಾಕಿ ಹರಡಿ, ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಫೋನ್ ಕ್ಯಾಮೆರಾ ಜೂಮ್ ಕೂಡ ಆಗುತ್ತದೆ.

ಅಗೆಯುವಾಗ ದಪ್ಪ ಬೇರು ಕಡಿಯಬೇಡಿ. ಬುಡದ ಮಲ್ಚಿಂಗ್ ಕೆಳಗೆ ಚೇಳು, ಹಾವು ಇರಬಹುದು, ಕೈ ಹಾಕುವ ಮುಂಚೆ ಕೋಲಲ್ಲಿ ಕೆದಕಿ. ಸೊರಗಿದ ಕಡೆ ಅಗೆದ ಗುದ್ದಲಿಯನ್ನು ತೊಳೆಯದೆ ಚೆನ್ನಾಗಿರುವ ಕಡೆ ಒಯ್ಯಬೇಡಿ. ಅದಕ್ಕೇ ಚೆನ್ನಾಗಿರುವ ಬಳ್ಳಿಯ ಕಡೆ ಮೊದಲು ಅಗೆಯುವುದು ಜಾಣತನ.

ಬಿಳಿ ಬೇರಿನಲ್ಲಿ ಗಂಟು ಕಂಡರೆ

ಟೊಮೆಟೊ ಬೇರಿನ ದೊಡ್ಡ ಗಂಟು ನೋಡಿದವರು ದ್ರಾಕ್ಷಿಯಲ್ಲೂ ಅದನ್ನೇ ಹುಡುಕುತ್ತಾರೆ. ದ್ರಾಕ್ಷಿಯಲ್ಲಿ ಗಂಟು ಚಿಕ್ಕದು. ದಾರಕ್ಕೆ ಸಾಸಿವೆ ಪೋಣಿಸಿದಂತೆ ಎಳೆ ಬೇರಿನ ಉದ್ದಕ್ಕೂ ಉಬ್ಬುಗಳು ಇರುತ್ತವೆ. ಹಲವು ಹುಳು ಒಂದೇ ಕಡೆ ಸೇರಿದರೆ ಉಬ್ಬು ಕೂಡಿಕೊಂಡು ಸ್ವಲ್ಪ ದೊಡ್ಡದಾಗುತ್ತದೆ.

ಉಗುರಿಂದ ತಿಕ್ಕಿ ನೋಡಿ. ನೆಮಟೋಡ್ ಗಂಟು ಬೇರಿನ ಮೈಯೇ ಊದಿಕೊಂಡದ್ದು, ಉದುರುವುದಿಲ್ಲ. ಸಾಲಿನ ನಡುವೆ ಬೆಳೆದ ಅಲಸಂದೆ, ಸೆಣಬಿನ (ಹಸಿರೆಲೆ ಗೊಬ್ಬರದ ಸನ್‌ಹೆಂಪ್) ಬೇರಿನಲ್ಲಿ ಕಾಣುವ ಗುಂಡು ಗಂಟು ಸುಲಭವಾಗಿ ಬಿಡಿಸಿಕೊಂಡು ಬರುತ್ತದೆ. ಒಳಗೆ ಗುಲಾಬಿ ಬಣ್ಣ ಇದ್ದರೆ ಅದು ಸಾರಜನಕ ಕೊಡುವ ಒಳ್ಳೆಯ ಗಂಟು, ಗಾಬರಿ ಬೇಡ. ಇನ್ನೂ ಖಾತ್ರಿ ಬೇಕಾದರೆ ದ್ರಾಕ್ಷಿ ಬೇರಿನ ಗಂಟನ್ನು ಹೊಸ ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ನೋಡಿ. ಮುತ್ತಿನಂತೆ ಬೆಳ್ಳಗಿನ ಚುಕ್ಕೆ ಕಂಡರೆ ಅದು ಹೆಣ್ಣು ಹುಳು. ಗಂಟಿನ ಹೊರಗೆ ಕಂದು ಬಣ್ಣದ ಅಂಟಿನ ಮುದ್ದೆ ಕಂಡರೆ ಅದೇ ಮೊಟ್ಟೆ.

ನೂರು ಬೇರಿನಲ್ಲಿ ಅಲ್ಲೊಂದು ಇಲ್ಲೊಂದು ಗಂಟು ಇದ್ದು, ಬಳ್ಳಿ ಚೆನ್ನಾಗಿದ್ದರೆ ಅದನ್ನು ರೋಗ ಅನ್ನಲಾಗದು. ಹುಳು ಇದೆ, ಆದರೆ ಬಳ್ಳಿ ತಾಳಿಕೊಂಡಿದೆ. ನೀರು, ಸಾವಯವ ಗೊಬ್ಬರ ಸರಿ ಕೊಟ್ಟು ಮುಂದಿನ ವರ್ಷ ಮತ್ತೆ ನೋಡಿದರೆ ಸಾಕು. ಅರ್ಧಕ್ಕಿಂತ ಜಾಸ್ತಿ ಬೇರಿನಲ್ಲಿ ಗಂಟಿದ್ದು, ಹೋಲಿಕೆಗೆ ತೆಗೆದ ಬಳ್ಳಿಯಲ್ಲಿ ಇಲ್ಲದಿದ್ದರೆ ನಿಮ್ಮ ಪತ್ತೆ ಬಹುಪಾಲು ಮುಗಿಯಿತು.

ಗಂಟಿಲ್ಲ, ಆದರೂ ಬೇರು ಸರಿಯಿಲ್ಲ

ಎಷ್ಟು ತೊಳೆದರೂ ಎಳೆ ಬೇರಿಗೆ ಮಣ್ಣಿನ ಕಣ ಅಂಟಿಕೊಂಡೇ ಇದ್ದು, ಬೇರು ಕೊಳಕಾಗಿ ಕಾಣುತ್ತಿದ್ದರೆ ರೆನಿಫಾರ್ಮ್ ಹುಳುವಿನ ಅನುಮಾನ. ಅದರ ಮೊಟ್ಟೆಯ ಅಂಟಿಗೆ ಮಣ್ಣು ಹಿಡಿದಿರುತ್ತದೆ. ಬೇರಿನ ಮೇಲೆ ಕಂದು, ಕಪ್ಪು ಗೆರೆಯಂಥ ಗಾಯ ಇದ್ದರೆ ಗಾಯದ ನೆಮಟೋಡ್ ಇರಬಹುದು, ಶಿಲೀಂಧ್ರವೂ ಇರಬಹುದು. ಎರಡನ್ನೂ ಕಣ್ಣಲ್ಲಿ ಬಿಡಿಸಿ ಹೇಳಲು ಆಗುವುದಿಲ್ಲ. ಈ ಹಂತದಲ್ಲಿ ಊಹೆ ನಿಲ್ಲಿಸಿ ಲ್ಯಾಬ್‌ಗೆ ಕಳಿಸಿ.

ಕುಂಡದ ಪರೀಕ್ಷೆ

ಲ್ಯಾಬ್ ದೂರ ಇದ್ದರೆ, ಅಥವಾ ಹೊಸ ಜಮೀನಿನಲ್ಲಿ ದ್ರಾಕ್ಷಿ ಹಾಕುವ ಮುಂಚೆ, ಇದನ್ನು ಮಾಡಿ. ಅನುಮಾನದ ಜಾಗದ ಹಸಿ ಮಣ್ಣನ್ನು ನಾಲ್ಕೈದು ಕುಂಡಕ್ಕೆ ತುಂಬಿ. ಇನ್ನೆರಡು ಕುಂಡಕ್ಕೆ ಅದೇ ಮಣ್ಣನ್ನು ಆವಿಯಲ್ಲಿ ಚೆನ್ನಾಗಿ ಬೇಯಿಸಿ ಆರಿಸಿ ತುಂಬಿ. ಎಲ್ಲದರಲ್ಲೂ ಟೊಮೆಟೊ ಸಸಿ ನೆಡಿ. ಪೂಸಾ ರೂಬಿಯಂಥ ಹಳೆ ತಳಿ ಒಳ್ಳೆಯದು, ಯಾಕೆಂದರೆ ಈಗಿನ ಕೆಲವು ಹೈಬ್ರಿಡ್‌ಗಳಿಗೆ ನೆಮಟೋಡ್ ತಡೆಯುವ ಗುಣ ಇರುತ್ತದೆ. ಐದಾರು ವಾರ ಬಿಟ್ಟು ಬೇರು ತೊಳೆದು ನೋಡಿ. ಹಸಿ ಮಣ್ಣಿನ ಸಸಿಯಲ್ಲಿ ಗಂಟು, ಬೇಯಿಸಿದ ಮಣ್ಣಿನದರಲ್ಲಿ ಇಲ್ಲ ಅಂದರೆ ಮಣ್ಣಿನಲ್ಲಿ ಬೇರುಗಂಟು ಹುಳು ಇದೆ. ಗಂಟು ಬರಲಿಲ್ಲ ಅಂದರೆ ರೆನಿಫಾರ್ಮ್ ಇಲ್ಲ ಅಂತ ಮಾತ್ರ ತಿಳಿಯಬೇಡಿ, ಅದು ಇಲ್ಲೂ ಗಂಟು ಮಾಡುವುದಿಲ್ಲ.

ಲ್ಯಾಬ್‌ಗೆ ಕಳಿಸುವುದಾದರೆ

ತೇಪೆಯ ಅಂಚಿನ ಹತ್ತು ಹದಿನೈದು ಕಡೆಯಿಂದ ಬೇರಿನ ಸುತ್ತಲಿನ ಮಣ್ಣು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕೆಜಿ ಮತ್ತು ಒಂದು ಹಿಡಿ ಬಿಳಿ ಬೇರು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಚೆನ್ನಾಗಿರುವ ಕಡೆಯದ್ದು ಬೇರೆ ಚೀಲ. ಗೊಬ್ಬರ ಪರೀಕ್ಷೆಗೆ ಮಣ್ಣು ಒಣಗಿಸುತ್ತೀರಲ್ಲ, ಇಲ್ಲಿ ಹಾಗೆ ಮಾಡಬಾರದು. ಲ್ಯಾಬ್‌ನಲ್ಲಿ ಜೀವಂತ ಹುಳು ತೇಲಿ ಬರಬೇಕು. ಒಣಗಿದರೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬೆಂದರೆ, ವರದಿ "ಇಲ್ಲ" ಅಂತ ಬರುತ್ತದೆ. ನೀರು ಸುರಿಯಲೂ ಬೇಡಿ. ನೆರಳಲ್ಲಿ ಇಟ್ಟು ಒಂದೆರಡು ದಿನದಲ್ಲಿ ತಲುಪಿಸಿ.

ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ), ಹೆಸರಘಟ್ಟದ ಐಐಎಚ್‌ಆರ್ (ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ), ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಧಾರವಾಡ ಕೃಷಿ ವಿಶ್ವವಿದ್ಯಾಲಯ, ಇವುಗಳಲ್ಲಿ ಹತ್ತಿರದ್ದನ್ನು ವಿಚಾರಿಸಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರು ದಾರಿ ತೋರಿಸುತ್ತಾರೆ. ವರದಿಯಲ್ಲಿ ಹುಳುವಿನ ಜಾತಿ ಬರೆದುಕೊಡಿ ಅಂತ ಕೇಳಿಕೊಳ್ಳಿ. ಬರೀ "ನೆಮಟೋಡ್ ಇದೆ" ಅನ್ನುವ ವರದಿಯಿಂದ ಏನೂ ತಿಳಿಯದು. ಮಣ್ಣಿನಲ್ಲಿ ಕೊಳೆತದ್ದನ್ನು ತಿಂದು ಬದುಕುವ ನಿರಪಾಯ ನೆಮಟೋಡ್‌ಗಳು ಯಾವ ತೋಟದಲ್ಲೂ ಇದ್ದೇ ಇರುತ್ತವೆ.

ಲಕ್ಷಣ: ಡಾಗ್‌ರಿಜ್ ಮೇಲೆ ಕಸಿ ಮಾಡಿದ ಗಿಡ, ಆದರೂ ಗಂಟು

ನಮ್ಮಲ್ಲಿ ಉಪ್ಪು ಮತ್ತು ಬರ ತಾಳುತ್ತದೆ ಅಂತಲೇ ಡಾಗ್‌ರಿಜ್ ಅನ್ನುವ ರೂಟ್‌ಸ್ಟಾಕ್ (ಮೇಲೆ ಬೇಕಾದ ತಳಿ ಕಸಿ ಮಾಡಲು ಬೇರಿಗಾಗಿ ನೆಡುವ ಗಿಡ) ಹಬ್ಬಿತು. ಅದಕ್ಕೆ ಬೇರುಗಂಟು ಹುಳುವನ್ನು ತಡೆಯುವ ಶಕ್ತಿಯೂ ಇದೆ. ಹಾಗಾದರೆ ಗಂಟು ಎಲ್ಲಿಂದ ಬಂತು?

ಮೊದಲು ಕಸಿಯ ಜಾಗ ಹುಡುಕಿ. ಮಣ್ಣು ಏರಿಸಿ ಏರಿಸಿ ಕಸಿ ಗಂಟು ಮುಚ್ಚಿಹೋಗಿದ್ದರೆ, ಅದರ ಮೇಲಿನ ಥಾಮ್ಸನ್ ಅಥವಾ ಶರದ್ ತಳಿಯ ಕಾಂಡವೇ ಮಣ್ಣಿಗೆ ಬೇರು ಬಿಟ್ಟಿರುತ್ತದೆ. ನೀವು ತೊಳೆದು ನೋಡಿದ್ದು ಆ ಬೇರು. ರೂಟ್‌ಸ್ಟಾಕ್‌ಗೆ ಕೊಟ್ಟ ದುಡ್ಡು ವ್ಯರ್ಥ. ಮಣ್ಣು ಸರಿಸಿ ಕಸಿ ಗಂಟನ್ನು ನೆಲದಿಂದ ಮೇಲೆ ತನ್ನಿ, ಮೇಲಿನ ಬೇರುಗಳನ್ನು ಒಂದೇ ಸಲ ಅಲ್ಲದೆ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ. ಬಳ್ಳಿ ಅದರ ಮೇಲೇ ಬದುಕಿದ್ದರೆ ಒಮ್ಮೆಗೇ ಕಡಿದರೆ ಹೊಡೆತ ಬೀಳುತ್ತದೆ.

ಎರಡನೆಯದು, ಅದು ಡಾಗ್‌ರಿಜ್ ಹೌದಾ? ಬುಡದಿಂದ ಬಂದ ಚಿಗುರನ್ನು ಒಂದೆರಡು ಅಡಿ ಬೆಳೆಯಲು ಬಿಟ್ಟು ತಿಳಿದವರಿಗೆ ಎಲೆ ತೋರಿಸಿ. ಬೆರಕೆ ಕಡ್ಡಿ ಮಾರುವ ನರ್ಸರಿಗಳಿಲ್ಲದೆ ಇಲ್ಲ. ಮೂರನೆಯದು ಅಪರೂಪ, ಆದರೆ ಉಂಟು: ರೂಟ್‌ಸ್ಟಾಕ್‌ನ ತಡೆಯನ್ನೇ ಮುರಿಯುವ ಹುಳುಗಳು. ಕ್ಯಾಲಿಫೋರ್ನಿಯಾದಲ್ಲಿ ನೆಮಟೋಡ್ ತಡೆಯಲೆಂದೇ ತಂದ ಹಾರ್ಮನಿ ಅನ್ನುವ ರೂಟ್‌ಸ್ಟಾಕ್ ಮೇಲೂ ಕೆಲವು ಕಡೆ ಬೇರುಗಂಟು ಹುಳು ಬೆಳೆಯಿತು. ಮೊದಲ ಎರಡು ಕಾರಣ ಇಲ್ಲ ಅಂತ ಖಾತ್ರಿಯಾದರೆ ಸ್ವಂತ ಚಿಕಿತ್ಸೆ ಬೇಡ, ವಿಜ್ಞಾನಿಗಳನ್ನೇ ಕರೆಸಿ.

ಕಸಿ ಇಲ್ಲದೆ ಸ್ವಂತ ಬೇರಿನ ಮೇಲೆ ಬೆಂಗಳೂರು ಬ್ಲೂ ತಳಿ ಹಾಕಿದವರಿಗೆ ಈ ಭಾಗ ಅನ್ವಯಿಸುವುದಿಲ್ಲ. ಅವರ ಬಳ್ಳಿಗೆ ರೂಟ್‌ಸ್ಟಾಕ್‌ನ ಕಾವಲೇ ಇಲ್ಲ.

ಖಚಿತವಾದ ಮೇಲೆ ಏನು ಮಾಡಬೇಕು

ಬೆಳೆದು ನಿಂತ ತೋಟದಿಂದ ನೆಮಟೋಡನ್ನು ಪೂರ್ತಿ ಓಡಿಸಲು ಆಗುವುದಿಲ್ಲ. ಹಾಗೆ ಮಾತು ಕೊಡುವವರಿಂದ ಏನನ್ನೂ ಕೊಳ್ಳಬೇಡಿ. ನಮ್ಮ ಕೈಲಿ ಆಗುವುದು ಹುಳುವಿನ ಸಂಖ್ಯೆ ಇಳಿಸುವುದು ಮತ್ತು ಬಳ್ಳಿಗೆ ಹೊಸ ಬೇರು ಬಿಡುವ ಶಕ್ತಿ ಕೊಡುವುದು.

ತೇಪೆಯ ಬಳ್ಳಿಗಳಲ್ಲಿ ಈ ಸಲ ಗೊನೆ ಕಮ್ಮಿ ಬಿಡಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಹಣ್ಣಿಗೆ ಹೋಗುವ ಶಕ್ತಿ ಬೇರಿಗೆ ಹೋಗಲಿ. ಒಮ್ಮೆಗೇ ಜಾಸ್ತಿ ನೀರು ಕೊಡುವ ಬದಲು ಕಡಿಮೆ ಅಂತರದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ಕುಂಠಿತ ಬೇರು ದೂರದ ನೀರು ಎಳೆಯಲಾರದು. ಬುಡಕ್ಕೆ ಮಲ್ಚಿಂಗ್ ಹಾಕಿ.

ಸಾವಯವ ಗೊಬ್ಬರದ ಜೊತೆ ಜೈವಿಕಗಳನ್ನು, ಅಂದರೆ ಉಪಕಾರಿ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳನ್ನು ಸೇರಿಸುವುದು ಐಐಎಚ್‌ಆರ್ ಹೇಳಿಕೊಡುವ ದಾರಿ. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ಮತ್ತು ಪೆಸಿಲೋಮೈಸಿಸ್ (ಈಗ ಪರ್ಪ್ಯುರಿಯೊಸಿಲಿಯಂ ಅಂತಲೂ ಚೀಟಿಯಲ್ಲಿ ಇರುತ್ತದೆ) ತಲಾ 2 ಕೆಜಿ ಬೆರೆಸಿ, ನೆರಳಲ್ಲಿ ಗೋಣಿ ಮುಚ್ಚಿ, ತೇವ ಆರದಂತೆ 15 ದಿನ ಇಡಬೇಕು. ನಡುವೆ ಒಮ್ಮೆ ತಿರುವಿ ಹಾಕಿ. ಆಮೇಲೆ ಬೇವಿನ ಹಿಂಡಿಯ ಜೊತೆ ಬೇರಿನ ಸುತ್ತ ಹಾಕಿ ಮಣ್ಣು ಮುಚ್ಚಿ. ಪೆಸಿಲೋಮೈಸಿಸ್ ಹುಳುವಿನ ಮೊಟ್ಟೆ ತಿನ್ನುವ ಶಿಲೀಂಧ್ರ. ಇದು ಜೀವ ಇರುವ ವಸ್ತು. ಅವಧಿ ಮುಗಿದ, ಬಿಸಿಲಲ್ಲಿಟ್ಟ ಪ್ಯಾಕೆಟ್ ತರಬೇಡಿ. ಅದೇ ವಾರ ಬುಡಕ್ಕೆ ಕಾರ್ಬೆಂಡಜಿಮ್ ಅಥವಾ ತಾಮ್ರದಂಥ ಶಿಲೀಂಧ್ರನಾಶಕ ಸುರಿದರೆ ಹಾಕಿದ್ದೆಲ್ಲ ಹೋಯಿತು. ಫಲ ಕಾಣಲು ಎರಡು ಪ್ರೂನಿಂಗ್ ಆದರೂ ಬೇಕು.

ಸಾಲಿನ ನಡುವೆ ಟೊಮೆಟೊ, ಬದನೆ, ಬೀನ್ಸ್ ಬೇಡವೇ ಬೇಡ. ಚೆಂಡು ಹೂ ಬೇರಿಗೆ ಕೆಲವು ನೆಮಟೋಡ್‌ಗಳನ್ನು ಕೊಲ್ಲುವ ಗುಣ ಇರುವುದು ನಿಜ, ಆದರೆ ಬದಿಯಲ್ಲಿ ಒಂದು ಸಾಲು ಹಾಕಿದರೆ ಹೂವು ಸಿಗುತ್ತದೆ ಅಷ್ಟೇ. ಒತ್ತಾಗಿ, ಎರಡು ಮೂರು ತಿಂಗಳು ಬೆಳೆಸಿದರೆ ಮಾತ್ರ ಉಪಯೋಗ, ಅದೂ ನೆಡುವ ಮುಂಚೆ ಖಾಲಿ ನೆಲದಲ್ಲಿ ಚೆನ್ನ. ಸೆಣಬು ಬೆಳೆದು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದೂ ಒಳ್ಳೆಯದು.

ರಾಸಾಯನಿಕ: ಇಲ್ಲಿ ನಿಂತು ಯೋಚಿಸಿ

ಹಳೆ ಅಭ್ಯಾಸದಲ್ಲಿ ಫೋರೇಟ್ ಅನ್ನುವ ಹರಳು ವಿಷ ಕೇಳುವವರು ಇನ್ನೂ ಇದ್ದಾರೆ. ಅದು ದೇಶದಲ್ಲಿ 2020ರ ಕೊನೆಯಿಂದ ನಿಷೇಧ. ಕಾರ್ಬೋಫ್ಯೂರಾನ್ ಮೇಲೂ 2023ರಲ್ಲಿ ನಿರ್ಬಂಧ ಬಂತು. ಮನೆಯ ಮೂಲೆಯಲ್ಲಿ ಹಳೆ ಚೀಲ ಉಳಿದಿದ್ದರೂ ಬಳಸಬೇಡಿ. ಫ್ಲೂಯೆನ್‌ಸಲ್ಫೋನ್, ಫ್ಲೂಯೋಪೈರಾಮ್‌ನಂಥ ಹೊಸ ನೆಮಟೋಡ್ ನಾಶಕಗಳಿವೆ. ಆದರೆ ಟೊಮೆಟೊಗೆ ಒಪ್ಪಿಗೆ ಇದೆ ಅಂದ ಮಾತ್ರಕ್ಕೆ ದ್ರಾಕ್ಷಿಗೂ ಇದೆ ಅಂತಲ್ಲ. ಚೀಟಿಯಲ್ಲಿ ದ್ರಾಕ್ಷಿ ಮತ್ತು ನೆಮಟೋಡ್ ಎರಡೂ ಹೆಸರು ಇದ್ದರೆ ಮಾತ್ರ, ಅಲ್ಲಿ ಹೇಳಿದ ಪ್ರಮಾಣದಲ್ಲೇ ಬಳಸಿ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನೂ ನೋಡಿ.

ರಫ್ತಿಗೆ ಕೊಡುವವರು ಇನ್ನೂ ಹುಷಾರಾಗಿರಬೇಕು. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಪ್ರತಿ ಹಂಗಾಮಿಗೂ ಬಳಸಬಹುದಾದ ಔಷಧಿಗಳ ಪಟ್ಟಿ ಕೊಡುತ್ತದೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಅನ್ನುವ ಬೆಳವಣಿಗೆ ನಿಯಂತ್ರಕದ ಉಳಿಕೆ ಸಿಕ್ಕಿ ಯುರೋಪಿನಲ್ಲಿ ನಮ್ಮ ದ್ರಾಕ್ಷಿ ತಿರಸ್ಕಾರವಾದಾಗ ಎಷ್ಟೋ ಬೆಳೆಗಾರರು ಮುಳುಗಿದರು.

ಯಾವ ವಿಷವೇ ಆಗಲಿ ಬರಿಗೈಲಿ ಮುಟ್ಟಬೇಡಿ. ಕೈಗವಸು, ಮುಖಗವಸು, ಬೂಟು ಇರಲಿ. ಮಕ್ಕಳು, ದನಕರು, ಕೋಳಿ ದೂರ ಇರಲಿ. ಕೆಲಸ ಮಾಡಿದವರಿಗೆ ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜು, ವಾಂತಿ, ಕೈಕಾಲು ಅದುರುವುದು ಶುರುವಾದರೆ ಬಟ್ಟೆ ಬದಲಿಸಿ, ಮೈ ಸೋಪಿನಲ್ಲಿ ತೊಳೆದು, 108ಕ್ಕೆ ಫೋನ್ ಮಾಡಿ. ಔಷಧಿಯ ಡಬ್ಬಿ ಅಥವಾ ಚೀಟಿ ಜೊತೆಗೇ ಒಯ್ಯಿರಿ, ಡಾಕ್ಟರಿಗೆ ಅದೇ ಮೊದಲು ಬೇಕು. ನಾವಾಗಿ ವಾಂತಿ ಮಾಡಿಸಬಾರದು.

ಲಕ್ಷಣ: ಗ್ಯಾಪ್‌ನಲ್ಲಿ ನೆಟ್ಟ ಸಸಿ ಏಳುತ್ತಲೇ ಇಲ್ಲ

ಹಳೆ ಬಳ್ಳಿ ಸತ್ತ ಗುಂಡಿಯಲ್ಲೇ ಹೊಸ ಸಸಿ ಇಟ್ಟರೆ, ಹಸಿದ ಹುಳುಗಳ ನಡುವೆ ಎಳೆ ಬೇರು ಬಿಟ್ಟಂತಾಗುತ್ತದೆ. ಸ್ವಂತ ಬೇರಿನ ಸಸಿಯನ್ನು ಅಲ್ಲಿ ಮತ್ತೆ ಮತ್ತೆ ಇಡುವುದು ನಿಲ್ಲಿಸಿ. ನರ್ಸರಿಯಿಂದ ಬಂದ ಪ್ಯಾಕೆಟ್ ಸಸಿಯನ್ನೂ ನಂಬಬೇಡಿ. ಲಾಟಿನಲ್ಲಿ ನಾಲ್ಕೈದು ಸಸಿ ಕವರ್ ಹರಿದು ಬೇರು ತೊಳೆದು ನೋಡಿ. ಒಂದರಲ್ಲಿ ಗಂಟು ಕಂಡರೂ ಇಡೀ ಲಾಟ್ ವಾಪಸ್ ಕಳಿಸಿ. ಐದು ಸಸಿಯ ಬೆಲೆ ದೊಡ್ಡದಲ್ಲ.

ಅರ್ಧಕ್ಕಿಂತ ಜಾಸ್ತಿ ತೋಟ ತೇಪೆಯಾಗಿದ್ದರೆ, ಎರಡು ವರ್ಷ ಮೇಲಿನ ಕ್ರಮ ಮಾಡಿಯೂ ಖರ್ಚು ಹುಟ್ಟದಿದ್ದರೆ, ನನ್ನ ಮಟ್ಟಿಗೆ ಕಿತ್ತು ಹಾಕುವುದೇ ಲೆಕ್ಕಕ್ಕೆ ಸರಿ. ಕೀಳುವ ಮುಂಚೆ ಒಮ್ಮೆ ತೋಟಗಾರಿಕೆ ಇಲಾಖೆಯವರಿಗೋ ಕೃಷಿ ವಿಜ್ಞಾನ ಕೇಂದ್ರದವರಿಗೋ ತೋಟ ತೋರಿಸಿ. ಕಿತ್ತಾಗ ಕಾಂಡ ಮಾತ್ರ ಅಲ್ಲ, ಸಿಕ್ಕಷ್ಟು ಬೇರನ್ನೂ ಆರಿಸಿ ತೆಗೆಯಿರಿ. ಮಣ್ಣಲ್ಲಿ ಉಳಿದ ಬೇರು ಬಹಳ ಕಾಲ ಜೀವ ಹಿಡಿದಿರುತ್ತದೆ. 1958ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳಾದ ಹೆವಿಟ್, ರಾಸ್ಕಿ ಮತ್ತು ಗೊಹೀನ್ ದ್ರಾಕ್ಷಿಯ ಫ್ಯಾನ್‌ಲೀಫ್ ವೈರಸ್ಸನ್ನು ಬಳ್ಳಿಯಿಂದ ಬಳ್ಳಿಗೆ ಒಯ್ಯುವುದು ಕ್ಸಿಫಿನೆಮಾ ಇಂಡೆಕ್ಸ್ ಅನ್ನುವ ನೆಮಟೋಡ್ ಅಂತ ತೋರಿಸಿದರು. ಅಂಥ ತೋಟಗಳಲ್ಲಿ ಉಳಿದ ಬೇರಿನಿಂದಲೇ ವರ್ಷಗಳ ನಂತರವೂ ಹೊಸ ಬಳ್ಳಿಗೆ ರೋಗ ಹತ್ತುತ್ತದೆ.

ಆಮೇಲೆ ನೆಲಕ್ಕೆ ಬಿಡುವು ಕೊಡಿ. ಜೋಳ, ರಾಗಿಯಂಥ ಬೆಳೆಗಳಲ್ಲಿ ಬೇರುಗಂಟು ಹುಳು ಟೊಮೆಟೊದಲ್ಲಿ ಬೆಳೆದಷ್ಟು ಬೆಳೆಯುವುದಿಲ್ಲವಾದರೂ, ಕಳೆ ಇದ್ದರೆ ಅದರಲ್ಲೇ ಬದುಕಿಕೊಳ್ಳುತ್ತದೆ, ಹಾಗಾಗಿ ಕಳೆ ತೆಗೆಯುತ್ತಲೇ ಇರಿ. ಏಪ್ರಿಲ್–ಮೇ ಬಿಸಿಲಲ್ಲಿ ನೆಲ ಹದ ಮಾಡಿ, ನೀರು ಹಾಯಿಸಿ, ಪಾರದರ್ಶಕ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕರಿಂದ ಆರು ವಾರ ಬಿಡಬಹುದು. ಕಪ್ಪು ಹಾಳೆ ಬೇಡ, ಅದು ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಇದರ ಶಾಖ ಮೇಲಿನ ಅರ್ಧ ಅಡಿಗೆ ಚೆನ್ನಾಗಿ ತಾಗುತ್ತದೆ, ದ್ರಾಕ್ಷಿ ಬೇರು ಹೋಗುವ ಆಳಕ್ಕೆ ಅಲ್ಲ. ನೆಡುವ ಮುಂಚೆ ಕುಂಡದ ಪರೀಕ್ಷೆ ಮತ್ತೆ ಮಾಡಿ. ಟೊಮೆಟೊ ಸಸಿಯಲ್ಲಿ ಇನ್ನೂ ಗಂಟು ಬರುತ್ತಿದ್ದರೆ ಆ ಹಂಗಾಮಿಗೆ ಸ್ವಂತ ಬೇರಿನ ಸಸಿ ಬೇಡ. ರೂಟ್‌ಸ್ಟಾಕ್ ಕಡ್ಡಿ ನೆಟ್ಟು, ಅದು ಹಿಡಿದ ಮೇಲೆ ಜಾಗದಲ್ಲೇ ಕಸಿ ಮಾಡಿಸಿ, ಕಸಿ ಗಂಟು ನೆಲದಿಂದ ಒಂದು ಗೇಣಾದರೂ ಮೇಲಿರಲಿ.